ಬೀದಿಗಿಳಿಯುವ ಮುನ್ನ ಕೇರಿಗೆ ಹೋಗಿಬನ್ನಿ

ಮೊನ್ನೆ ಭಾನುವಾರ ಸಂಜೆಯ ಪೂಜೆ ಮುಗಿಸಿ ಮಠದ ಪಡಸಾಲೆಗೆ ಬಂದಾಗ ಸುತ್ತಲ ಹಳ್ಳಿಗಳ 12 ಮಂದಿ ಹಿರಿಯರು ನಮಗಾಗಿ ಕಾದು ಕುಳಿತಿದ್ದರು. ಎಲ್ಲರೂ ಮಠದ ಹಳೆಯ ಭಕ್ತರು. ಮುಖದಲ್ಲಿ ಉತ್ಸಾಹವಿತ್ತು, ಕೈಯಲ್ಲೊಂದು ಪಟ್ಟಿ ಇತ್ತು. ಪಾದಕ್ಕೆರಗಿ ಎದ್ದ ಹಿರಿಯರೊಬ್ಬರು ಹೇಳಿದರು: “ಬುದ್ಧಿ, ಬರೋ ಸೋಮವಾರ ತಾಲ್ಲೂಕು ಕಚೇರಿಗೆ ಪಾದಯಾತ್ರೆ ಇಟ್ಕಂಡೀವಿ. ಎಲ್ಲಾ ತಯಾರಿ ಆಗೈತೆ. ತಮ್ಮ ಪಾದ ಒಂದು ಮುಂದಿದ್ರೆ ಸಾಕು.”

ಪಾದಯಾತ್ರೆಯ ಕಾರಣ ನಮಗೆ ತಿಳಿದದ್ದೇ ಆಗಿತ್ತು. ಇಲ್ಲಿಗೆ ಹತ್ತಿರದ ಒಂದು ಊರಿನಲ್ಲಿ ಕೇರಿಯ ಯುವಕನೊಬ್ಬ ಹೋಟೆಲಿನ ಒಳಬೆಂಚಿನ ಮೇಲೆ ಕುಳಿತು ಚಹಾ ಕೇಳಿದ. ಅಷ್ಟಕ್ಕೇ ಮಾತಿಗೆ ಮಾತು ಬೆಳೆಯಿತು. ಮರುದಿನದಿಂದ ಕೇರಿಯವರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಹಿಟ್ಟಿನ ಗಿರಣಿಯಲ್ಲಿ ಹಿಟ್ಟಿಲ್ಲ, ಕ್ಷೌರದಂಗಡಿಯ ಬಾಗಿಲು ಅವರಿಗಿಲ್ಲ. ಮೂರು ವಾರಗಳಿಂದ ಒಂದೇ ಊರು ಎರಡು ಊರಾಗಿದೆ. ಇದನ್ನು ಪ್ರತಿಭಟಿಸಿ, ಬಹಿಷ್ಕಾರ ನಿಲ್ಲಲಿ, ಊರು ಒಂದಾಗಲಿ ಎಂದು ಅಕ್ಕಪಕ್ಕದ ಹಳ್ಳಿಗಳ ಹಿರಿಯರು 14 ಕಿಲೋಮೀಟರು ಶಾಂತಿಯಿಂದ ನಡೆಯಲು ತೀರ್ಮಾನಿಸಿದ್ದರು. ಕೇಳಿ ನಮಗೆ ಸಂತೋಷವಾಯಿತು. ಅನ್ಯಾಯ ಕಂಡಾಗ ಸುಮ್ಮನಿರುವುದೇ ದೊಡ್ಡಸ್ತಿಕೆ ಎಂದು ಭಾವಿಸುವ ಕಾಲದಲ್ಲಿ ನಮ್ಮ ಹಿರಿಯರು ಎದ್ದು ನಿಂತರಲ್ಲ ಎಂದು ಮನಸ್ಸು ತುಂಬಿ ಬಂತು.

“ಏನೇನು ತಯಾರಿ ಆಗಿದೆ, ಓದಿ” ಎಂದೆವು. ಅವರು ಓದಿದರು: ಬಟ್ಟೆಯ ಬ್ಯಾನರು, ಟ್ರ್ಯಾಕ್ಟರಿನ ಮೇಲೆ ಮೈಕ್ ಸೆಟ್ಟು, ಡೊಳ್ಳಿನ ಮೇಳ, 500 ಪೊಟ್ಟಣ ಚಿತ್ರಾನ್ನ, ಕುಡಿಯುವ ನೀರಿನ ಡ್ರಮ್ಮು, ನಮಗಾಗಿ ಹೂವಿನಿಂದ ಅಲಂಕರಿಸಿದ ತೆರೆದ ಜೀಪು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ನಾವು ಒಂದೇ ಒಂದು ಪ್ರಶ್ನೆ ಕೇಳಿದೆವು: “ಯಾರಿಗಾಗಿ ಈ ಪಾದಯಾತ್ರೆಯೋ ಆ ಕೇರಿಯವರು ಎಷ್ಟು ಜನ ಬರುತ್ತಾರೆ?”

“ಅವರಿಗೂ ಹೇಳಿ ಕಳಿಸೀವಿ ಬುದ್ಧಿ.”

“ಯಾರು ಹೋಗಿ ಹೇಳಿದಿರಿ?”

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕೊನೆಗೆ ಒಬ್ಬರು ಮೆಲ್ಲಗೆ ಹೇಳಿದರು: “ಪಂಚಾಯ್ತಿ ನೀರುಗಂಟಿ ಕೈಲಿ ಹೇಳಿ ಕಳಿಸೀವಿ.”

ಆ ಸಂಜೆ ನಾವು ಅವರಿಗೆ ಹೇಳಿದ ಮಾತುಗಳನ್ನೇ ಇಂದು ಸದ್ಭಕ್ತರೆಲ್ಲರ ಮುಂದಿಡುತ್ತಿದ್ದೇವೆ.

ವೈಕಂನ ಮೂವರು

ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ವೈಕಂ ಎಂಬ ಊರಿದೆ. ಅಲ್ಲಿರುವುದು ನಮ್ಮ ಶಿವನದೇ ಪ್ರಸಿದ್ಧ ದೇವಾಲಯ. ನೂರು ವರ್ಷಗಳ ಹಿಂದೆ, ಆ ನಾಡು ತಿರುವಾಂಕೂರು ಸಂಸ್ಥಾನವಾಗಿದ್ದಾಗ, ಆ ಗುಡಿಯ ಒಳಗೆ ಮಾತ್ರವಲ್ಲ, ಗುಡಿಯ ಸುತ್ತಲಿನ ನಾಲ್ಕು ಬೀದಿಗಳಲ್ಲಿಯೂ ಅಸ್ಪೃಶ್ಯರೆನಿಸಿದವರು ಕಾಲಿಡುವಂತಿರಲಿಲ್ಲ. ಇಲ್ಲಿಂದ ಮುಂದೆ ಬರಕೂಡದೆಂದು ಬೀದಿಯ ತುದಿಯಲ್ಲಿ ಫಲಕ ನೆಟ್ಟಿದ್ದರು. ದನ ಹೋಗಬಹುದಿತ್ತು, ನಾಯಿ ಹೋಗಬಹುದಿತ್ತು. ಅದೇ ಮನುಷ್ಯ ಅನ್ಯಮತಕ್ಕೆ ಸೇರಿದರೆ ಅವನೂ ಹೋಗಬಹುದಿತ್ತು. ಶಿವನನ್ನು ನಂಬಿ ಉಳಿದವನು ಮಾತ್ರ ಶಿವನ ಬೀದಿಯಲ್ಲಿ ನಡೆಯುವಂತಿರಲಿಲ್ಲ!

ಈ ಅನ್ಯಾಯದ ವಿರುದ್ಧ 1924ರ ಮಾರ್ಚ್ 30ರಂದು ಸತ್ಯಾಗ್ರಹ ಆರಂಭವಾಯಿತು. ಟಿ.ಕೆ. ಮಾಧವನ್ ಮೊದಲಾದ ಮುಖಂಡರು ಸಾವಿರಾರು ಜನರನ್ನು ಒಮ್ಮೆಲೇ ಬೀದಿಗೆ ನುಗ್ಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ದಿನಕ್ಕೆ ಮೂವರು ಮಾತ್ರ ಫಲಕವನ್ನು ದಾಟಲು ಹೋಗಬೇಕೆಂದು ನಿಯಮ ಮಾಡಿದರು. ಮೊದಲ ದಿನ ಹೋದ ಮೂವರು ಯಾರು? ಕುಂಜಪ್ಪಿ ಎಂಬ ಪುಲಯ, ಬಾಹುಲೇಯನ್ ಎಂಬ ಈಳವ, ಗೋವಿಂದ ಪಣಿಕ್ಕರ್ ಎಂಬ ನಾಯರ್. ಮೂರನೆಯವನು ಸವರ್ಣನೆನಿಸಿದವನು, ಅವನಿಗೆ ಆ ಬೀದಿಯಲ್ಲಿ ನಡೆಯಲು ಯಾವ ಅಡ್ಡಿಯೂ ಇರಲಿಲ್ಲ.

ಪೊಲೀಸರು ಮೂವರನ್ನೂ ತಡೆದು ಜಾತಿ ಕೇಳಿದರು. ನಾಯರ್ ಹೋಗಬಹುದು, ಉಳಿದಿಬ್ಬರು ಹೋಗುವಂತಿಲ್ಲ ಎಂದರು. ಗೋವಿಂದ ಪಣಿಕ್ಕರ್ ಬಿಟ್ಟ ದಾರಿಯಲ್ಲಿ ಒಬ್ಬನೇ ಹೋಗಲಿಲ್ಲ. ಹೋದರೆ ಮೂವರೂ ಹೋಗುತ್ತೇವೆ ಎಂದು ಅಲ್ಲಿಯೇ ನಿಂತ. ಮೂವರೂ ಬಂಧನಕ್ಕೊಳಗಾದರು.

ಭಕ್ತರು ಈ ಘಟನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ತನಗೆ ತೆರೆದಿರುವ ದಾರಿಯನ್ನು, ಪಕ್ಕದವನಿಗೆ ಮುಚ್ಚಿದೆ ಎಂಬ ಒಂದೇ ಕಾರಣಕ್ಕೆ ಬೇಡವೆನ್ನುವುದು ಸಣ್ಣ ತ್ಯಾಗವಲ್ಲ. ಏಕತೆ ಎಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥವನ್ನು ನಾವು ಕಾಣೆವು.

ಆ ಸತ್ಯಾಗ್ರಹ ಒಂದು ದಿನದ್ದಾಗಿರಲಿಲ್ಲ, 20 ತಿಂಗಳು ನಡೆಯಿತು. ನಾರಾಯಣ ಗುರುಗಳು ಹಣ ಕೊಟ್ಟರು, ತಮ್ಮ ಮಠದ ಜಾಗವನ್ನೂ ಬಿಟ್ಟುಕೊಟ್ಟರು. ತಮಿಳುನಾಡಿನಿಂದ ಪೆರಿಯಾರ್ ರಾಮಸ್ವಾಮಿಯವರು ಬಂದು ಸೆರೆಮನೆ ಸೇರಿದರು. ಕೆಲವು ದಿನಗಳಲ್ಲೇ ಸರ್ಕಾರ ಬಂಧಿಸುವುದನ್ನು ಬಿಟ್ಟು ಬೀದಿಗೆ ಬೇಲಿ ಹಾಕಿತು. ಸತ್ಯಾಗ್ರಹಿಗಳು ಬೇಲಿಯ ಮುಂದೆ ಕುಳಿತು ನೂಲು ತೆಗೆದರು. ಹೊಡೆತ ತಿಂದರು. ಒಬ್ಬರ ಕಣ್ಣಿಗೆ ಸುಣ್ಣ ಹಾಕಿದರು. ಆ ವರ್ಷದ ಮಳೆಗಾಲದಲ್ಲಿ ಮಹಾಪೂರ ಬಂದು ಬೀದಿಯೆಲ್ಲ ನೀರಾದಾಗ ಕಾವಲಿನ ಪೊಲೀಸರು ದೋಣಿ ಹತ್ತಿದರು. ಸತ್ಯಾಗ್ರಹಿಗಳು ಎದೆಮಟ್ಟದ ನೀರಿನಲ್ಲಿ ಸರದಿಯಂತೆ ನಿಂತರು. ತಿರುಗಿ ಒಂದು ಕಲ್ಲು ಎಸೆಯಲಿಲ್ಲ. ಈ ಸಹನೆ ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ, ಮೊದಲೇ ಮನಸ್ಸನ್ನು ಹದಗೊಳಿಸಿಕೊಂಡು ಬಂದದ್ದು.

ದಾರಿ ಇದ್ದವರು ದಾರಿ ಇಲ್ಲದವರಿಗಾಗಿ

ಇದೆಲ್ಲಕ್ಕಿಂತ ನಮ್ಮ ಹಿರಿಯರು ತಿಳಿಯಬೇಕಾದ ಸಂಗತಿ ಮುಂದಿದೆ. ಅದೇ 1924ರ ನವೆಂಬರ್ 1ರಂದು ವೈಕಂನಿಂದ ತಿರುವನಂತಪುರಕ್ಕೆ ಒಂದು ಪಾದಯಾತ್ರೆ ಹೊರಟಿತು. ಹೆಸರೇ ಸವರ್ಣ ಜಾಥಾ. ನಡೆದವರು ಮೇಲ್ಜಾತಿಯವರು, ಕೇಳಿದ್ದು ಅಸ್ಪೃಶ್ಯರೆನಿಸಿದವರಿಗೆ ದಾರಿ. ಇದು ಗಾಂಧೀಜಿಯವರ ಸಲಹೆಯಾಗಿತ್ತು. ಮುಂದಾಳತ್ವ ವಹಿಸಿದವರು ನಾಯರ್ ಸಮಾಜದ ಮುಖಂಡ ಮನ್ನತ್ತು ಪದ್ಮನಾಭನ್. ಅವರು ಊರ ಬೀದಿಯ ಮಾತಾಡಿ ತಮ್ಮ ಮನೆಯನ್ನು ಮರೆತವರಲ್ಲ; ತಮ್ಮ ಮನೆತನದ ದೇವಾಲಯದ ಬಾಗಿಲನ್ನೇ ಎಲ್ಲ ಜಾತಿಯವರಿಗೂ ತೆರೆದವರು.

ಸುಮಾರು 500 ಜನರಿಂದ ಹೊರಟ ಜಾಥಾ ದಾರಿಯುದ್ದಕ್ಕೂ ಬೆಳೆಯಿತು. ರಾಜಧಾನಿ ತಲುಪಿ, ಸವರ್ಣರೇ ರುಜು ಮಾಡಿದ ಮನವಿಯನ್ನು ಮಹಾರಾಣಿ ಸೇತು ಲಕ್ಷ್ಮೀಬಾಯಿಯವರಿಗೆ ಅರ್ಪಿಸಿತು. ಅದರಲ್ಲಿ 25,000ದಷ್ಟು ರುಜುಗಳಿದ್ದವು. ಮುಂದಿನ ತಿಂಗಳೇ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತೆಂಬುದನ್ನು ಹಿರಿಯರು ನೆನೆದರೆ ಅದು ಯಾವ ಕಾಲವೆಂಬುದು ತಿಳಿದೀತು.

ಇಷ್ಟು ನಡೆದದ್ದಕ್ಕೆ ಕೂಡಲೇ ಫಲ ಸಿಕ್ಕಿತೇ? ಇಲ್ಲ. 1925ರ ಫೆಬ್ರವರಿಯಲ್ಲಿ ಆ ಸಂಸ್ಥಾನದ ಶಾಸನ ಸಭೆಯಲ್ಲಿ ಬೀದಿ ತೆರೆಯುವ ಗೊತ್ತುವಳಿ 21ಕ್ಕೆ 22 ಮತಗಳಿಂದ, ಒಂದೇ ಒಂದು ಮತದಿಂದ ಬಿದ್ದುಹೋಯಿತು. ಆ ವರ್ಷದ ಮಾರ್ಚ್‌ನಲ್ಲಿ ಗಾಂಧೀಜಿಯವರೇ ವೈಕಂಗೆ ಬಂದು ಮಾತುಕತೆ ನಡೆಸಿದರು. ನವೆಂಬರ್‌ನಲ್ಲಿ ಸತ್ಯಾಗ್ರಹ ನಿಂತಾಗ ತೆರೆದದ್ದು ಮೂರು ದಿಕ್ಕಿನ ಬೀದಿಗಳು, ಪೂರ್ವ ದಿಕ್ಕಿನದು ಆಗಲೂ ತೆರೆಯಲಿಲ್ಲ. ಸರ್ಕಾರಿ ದೇವಾಲಯಗಳೆಲ್ಲ ಎಲ್ಲ ಹಿಂದೂಗಳಿಗೂ ತೆರೆಯಬೇಕಾದರೆ 1936ರ ನವೆಂಬರ್ 12ರವರೆಗೆ ಕಾಯಬೇಕಾಯಿತು. ಆದುದರಿಂದ ಸೋಮವಾರ ನಡೆದು ಮಂಗಳವಾರ ಎಲ್ಲವೂ ಸರಿಹೋಗಲಿಲ್ಲವೆಂದು ಯಾರೂ ಎದೆಗುಂದಬಾರದು. ನಡೆಯುವುದು ನಮ್ಮ ಕೆಲಸ. ಬೆಳೆ ಬರುವ ಹೊತ್ತಿಗೆ ಬರುತ್ತದೆ.

ತಲೆಯ ಮೇಲಿನ ದೀಪ

ಇನ್ನೊಂದು ಪಾದಯಾತ್ರೆಯನ್ನು ಎಲ್ಲರೂ ಬಲ್ಲಿರಿ. 1930ರ ಮಾರ್ಚ್ 12ರಂದು ಗಾಂಧೀಜಿ 78 ಜನ ಸಂಗಡಿಗರೊಂದಿಗೆ ಸಾಬರಮತಿಯಿಂದ ದಂಡಿಗೆ ಹೊರಟರು. ಸುಮಾರು 240 ಮೈಲಿಯ ಹಾದಿ, 24 ದಿನಗಳು. ಆ ತಂಡದಲ್ಲಿ ನಮ್ಮ ಕರ್ನಾಟಕದ ಹುಡುಗನೊಬ್ಬನಿದ್ದ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವನಿಗೆ 18 ವರ್ಷ. ಅವನೂ ಉಳಿದವರಂತೆ ದಿನವೂ ಪ್ರಾರ್ಥನೆ ಮಾಡಬೇಕಾಗಿತ್ತು, ನೂಲಬೇಕಾಗಿತ್ತು, ದಿನಚರಿ ಬರೆಯಬೇಕಾಗಿತ್ತು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಹುತಾತ್ಮ ಅವನೇ.

ಆ ಯಾತ್ರೆ ಮುಕ್ಕಾಲು ದಾರಿ ಸಾಗಿ ಸೂರತ್ ಜಿಲ್ಲೆಯ ಭಟಗಾಂವ್ ಎಂಬ ಹಳ್ಳಿಗೆ ಬಂದಾಗ ಗಾಂಧೀಜಿ ತಮ್ಮವರನ್ನೇ ಕಟುವಾಗಿ ಟೀಕಿಸಿದರು. ಕಾರಣವೇನು? ರಾತ್ರಿಯ ನಡಿಗೆಗೆ ಬೆಳಕಿರಲೆಂದು ಭಾರವಾದ ಕಿಟ್ಸನ್ ದೀಪವನ್ನು ಒಬ್ಬ ಬಡಕೂಲಿಯ ತಲೆಯ ಮೇಲೆ ಹೊರಿಸಿ ಅವನನ್ನು ಅವಸರಪಡಿಸುತ್ತಿದ್ದರು. ಯಾತ್ರಿಕರಿಗೆಂದು ಸೂರತ್‌ನಿಂದ ಲಾರಿಯಲ್ಲಿ ಹಾಲು, ತರಕಾರಿ ತರಿಸಿದ್ದರು. ಬಡವರಿಗಾಗಿ ನಡೆಯುವವರು ಬಡವನ ತಲೆಯ ಮೇಲೆ ದೀಪ ಹೊರಿಸಿ ನಡೆಯುವುದೇ ಎಂಬುದು ಅವರ ಸಂಕಟ. ಅವರು ತಮ್ಮನ್ನೂ ಆ ತಪ್ಪಿನಿಂದ ಹೊರಗಿಟ್ಟುಕೊಳ್ಳಲಿಲ್ಲ.

ಹಿರಿಯರಿಗೆ ಈ ಪ್ರಸಂಗವನ್ನು ಹೇಳಿ ಮುಗಿಸುವ ಹೊತ್ತಿಗೆ ನಮ್ಮ ಹೂವಿನ ಜೀಪಿನ ಮಾತು ತಾನಾಗಿಯೇ ಮುಗಿಯಿತು. ನಾವೂ ಕಾಲ್ನಡಿಗೆಯಲ್ಲೇ ಬರುತ್ತೇವೆ ಎಂದೆವು. ಮಂಡಿ ನೋವಿದೆ, ಎಲ್ಲಿಯವರೆಗೆ ಆಗುತ್ತದೋ ಅಲ್ಲಿಯವರೆಗೆ.

‘ಬೇಡ’ ಎನ್ನಲಿಲ್ಲ, ‘ಬಾ’ ಎನ್ನಲೂ ಇಲ್ಲ

ಅನ್ಯರಿಗೆ ಹೇಳುವ ಮುನ್ನ ನಮ್ಮ ಮಠದ ತಪ್ಪನ್ನೂ ಹೇಳಬೇಕು. ನಮ್ಮ ದಾಸೋಹದಲ್ಲಿ ಎಲ್ಲರಿಗೂ ಒಂದೇ ಪ್ರಸಾದ, ಒಂದೇ ಪಂಕ್ತಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡು ಬಂದವರು. ಕೆಲವು ವರ್ಷಗಳ ಹಿಂದೆ ಒಂದು ಕಾರ್ತಿಕ ಮಾಸದಲ್ಲಿ, ಮೂರು ಪಂಕ್ತಿ ಎದ್ದು ಎಲೆ ಎತ್ತಿದ ಮೇಲೆ ಕೇರಿಯ ಮುದುಕಿಯೊಬ್ಬಳು ಕಂಬದ ಮರೆಯಲ್ಲಿ ಎಲೆ ಹಾಕಿಕೊಂಡು ಕುಳಿತದ್ದನ್ನು ಕಂಡೆವು.

“ಯಾಕಮ್ಮ, ಮೊದಲ ಪಂಕ್ತಿಯಲ್ಲಿ ಕೂರಲಿಲ್ಲ? ಯಾರಾದರೂ ಬೇಡ ಅಂದರಾ?”

“ಯಾರೂ ಬೇಡ ಅಂದಿಲ್ಲ ಬುದ್ಧಿ. ನಾನೇ ಆಮ್ಯಾಲೆ ಕುಂತ್ಕಂತೀನಿ.”

“ಬಾ ಅಂತ ಯಾರಾದರೂ ಕರೆದರಾ?”

ಅವಳು ತಲೆ ತಗ್ಗಿಸಿ ಅನ್ನ ಕಲಸುತ್ತ, “ಅದೂ ಅಂದಿಲ್ಲ” ಎಂದಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎಷ್ಟು ವರ್ಷಗಳಿಂದ ಅವಳು ಹಾಗೆ ಕಂಬದ ಮರೆಯಲ್ಲಿ ಕುಳಿತಿದ್ದಳೋ! ನಾವು ಪ್ರತಿ ಸಲ ಆ ಕಂಬದ ಪಕ್ಕದಲ್ಲೇ ಹಾದುಹೋಗಿದ್ದೆವು. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಸಂಬಂಧ ಬೆಳೆದದ್ದಕ್ಕೆ ಶರಣರು ಪ್ರಾಣವನ್ನೇ ತೆತ್ತರು. ಆ ಕಥೆಯನ್ನು ಪ್ರತಿ ಬಸವ ಜಯಂತಿಯಲ್ಲೂ ಕಣ್ಣು ತುಂಬಿ ಹೇಳುವ ನಾವು ನಮ್ಮದೇ ಪಡಸಾಲೆಯ ಕಂಬದ ಹಿಂದೆ ನೋಡಿರಲಿಲ್ಲ. ಅಂದಿನಿಂದ ದಾಸೋಹದ ಬಾಗಿಲಲ್ಲಿ ಒಬ್ಬರು ನಿಂತು ಬಂದವರನ್ನೆಲ್ಲ ಕೈಹಿಡಿದು ಕರೆದು ಬಂದ ಸರದಿಯಲ್ಲೇ ಕೂರಿಸುವ ಏರ್ಪಾಡು ಮಾಡಿದ್ದೇವೆ. ಅದಕ್ಕೆ ಮೊದಮೊದಲು ಬೇಸರಪಟ್ಟುಕೊಂಡ ಭಕ್ತರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ.

ಬೇಡ ಎನ್ನದಿರುವುದು ಬೇರೆ, ಬಾ ಎನ್ನುವುದು ಬೇರೆ. ಫಲಕ ಕಿತ್ತರೆ ಬೀದಿ ತೆರೆಯುತ್ತದೆ. ಜೊತೆಗೊಬ್ಬ ನಡೆದರೆ ಮಾತ್ರ ಆ ಬೀದಿ ಅವನದಾಗುತ್ತದೆ.

ಯಾವ ಲೋಟದಲ್ಲಿ?

ಇಷ್ಟು ಹೇಳಿದ ಮೇಲೆ ನಾವು ಸುಮ್ಮನಿರುವುದು ತರವಲ್ಲವೆಂದು ಮರುದಿನ ಬೆಳಿಗ್ಗೆ ಆ ಕೇರಿಗೆ ಹೋದೆವು. ಹೋಟೆಲಿನ ಜಗಳಕ್ಕೆ ಕಾರಣನಾದ ಯುವಕ ಬಿ.ಎ. ಓದಿದವನು. ಚಾಪೆ ಹಾಸಿ ಕೂರಿಸಿದ, ನೀರು ಕೊಟ್ಟ. ಆಮೇಲೆ ಹೇಳಿದ: “ಬುದ್ಧಿ, ತಾವು ಬಂದಿರಿ, ಸಂತೋಷ. ಸೋಮವಾರ ಎಲ್ಲರೂ ನಡೀತೀರಿ, ಪೇಪರಿನಾಗೆ ಫೋಟೋ ಬರ್ತೈತೆ. ಮಂಗಳವಾರ ನಮ್ಮ ಹುಡುಗ ಹೋಟ್ಲಿಗೆ ಹೋದ್ರೆ ಯಾವ ಲೋಟದಾಗೆ ಚಾ ಕೊಡ್ತಾರೆ, ಅದನ್ನ ಹೇಳ್ರಿ. ಅದು ಗೊತ್ತಾದ್ರೆ ನಾವೂ ಬರ್ತೀವಿ.”

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹೋಟೆಲಿನವರೂ ನಮ್ಮ ಭಕ್ತರೇ. ಪ್ರತಿ ಅಮಾವಾಸ್ಯೆ ಮಠಕ್ಕೆ ಬಂದು ಹೋಗುವವರು.

ಸಂಜೆ ಅದೇ 12 ಮಂದಿಯನ್ನು ಕರೆಸಿ ಯುವಕನ ಪ್ರಶ್ನೆಯನ್ನು ಹಾಗೆಯೇ ಅವರ ಮುಂದಿಟ್ಟೆವು. “ಪಾದಯಾತ್ರೆಗೆ ಮುಂಚೆ ಒಂದು ಸಿದ್ಧತೆ ಬಾಕಿ ಇದೆ. ನೀವು ಒಬ್ಬೊಬ್ಬರೂ ಕೇರಿಗೆ ಹೋಗಿ, ಯಾವುದಾದರೂ ಮನೆಯ ಜಗಲಿಯ ಮೇಲೆ ಕುಳಿತು, ಅವರು ಕೊಟ್ಟ ಚಹಾ ಕುಡಿದು, ನಡೆಯಲು ಬನ್ನಿ ಎಂದು ಬಾಯಿಬಿಟ್ಟು ಕರೆದು ಬರಬೇಕು” ಎಂದೆವು. ಕೆಲವರು ಪಟ್ಟಿಯನ್ನು ಮಡಚಿದರು, ಕೆಲವರು ಹೆಗಲ ವಲ್ಲಿ ಸರಿಮಾಡಿಕೊಂಡರು. 70 ದಾಟಿದ ಒಬ್ಬರು ಮಾತ್ರ ಎದ್ದು, “ನಾಳೆ ಹೊತ್ತಾರೆನೇ ಹೋಗಿ ಬರ್ತೀನಿ ಬುದ್ಧಿ” ಎಂದರು.

ಅವರು ಹೋದರು. ಚಹಾ ಕುಡಿದು ಬಂದರು. ಮನೆಯ ಬಾಗಿಲಲ್ಲಿ ತಮ್ಮನ ಮನೆಯವರು ತಡೆದು, ಸ್ನಾನ ಮಾಡಿ ಒಳಗೆ ಬನ್ನಿ ಎಂದರಂತೆ. ಅದಕ್ಕೆ ಅವರು, “ಕುಡಿದ ಚಾ ಹೊಟ್ಟೆ ಒಳಗೈತೆ. ಮೈ ತೊಳೆದ್ರೆ ಅದು ಹೊರಗೆ ಬರ್ತದಾ?” ಎಂದು ಜಗಲಿಯ ಮೇಲೆಯೇ ಕುಳಿತರಂತೆ. ಮಧ್ಯಾಹ್ನದವರೆಗೆ ಊಟವಿಲ್ಲದೆ ಕುಳಿತ ಅವರನ್ನು ಕೊನೆಗೆ ಸೊಸೆಯೇ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಈ ಅಂಕಣ ಬರೆಯುವ ಹೊತ್ತಿಗೆ ಇನ್ನೂ ಮೂವರು ಹೋಗಿಬಂದ ಸುದ್ದಿ ಮಠಕ್ಕೆ ಬಂದಿದೆ. 12ರಲ್ಲಿ ನಾಲ್ವರು. ಹೋಟೆಲಿನವರು ಇನ್ನೂ ಮಠದ ಕಡೆ ಬಂದಿಲ್ಲ.

ನಡೆಯುವವರಿಗೆ ನಾಲ್ಕು ಮಾತು

ಸೋಮವಾರ ನಡೆಯಲು ಬರುವ ಭಕ್ತರು ಈ ಕೆಲವು ವಿಷಯಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನ ನಮಗೆ ಕೊಟ್ಟಿದೆ. ಅಸ್ಪೃಶ್ಯತೆಯನ್ನು ಅದೇ ಸಂವಿಧಾನದ 17ನೆಯ ಅನುಚ್ಛೇದ ತೊಡೆದುಹಾಕಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನಲ್ಲಿ, ಅಂಗಡಿಯಲ್ಲಿ ಯಾರನ್ನಾದರೂ ತಡೆಯುವುದು 1955ರ ಕಾಯಿದೆಯಂತೆ ಅಪರಾಧ. ಆದುದರಿಂದ ನಾವು ಭಿಕ್ಷೆ ಬೇಡಲು ಹೋಗುತ್ತಿಲ್ಲ, ಇರುವ ಕಾನೂನನ್ನು ನಡೆಸಿಕೊಡಿ ಎಂದು ಕೇಳಲು ಹೋಗುತ್ತಿದ್ದೇವೆ. ಹಾದಿ, ಹೊತ್ತು ಯಾವುದೆಂದು ಪೊಲೀಸ್ ಠಾಣೆಗೆ ಮುಂಚಿತವಾಗಿ ಬರೆದು ತಿಳಿಸಬೇಕು.

ಕೈಯಲ್ಲಿ ಕೋಲು ಬೇಡ. ಊರುಗೋಲು ಇಲ್ಲದೆ ನಡೆಯಲಾಗದ ಹಿರಿಯರು ಮಾತ್ರ ಹಿಡಿಯಲಿ. ಕುಡಿದವರಿಗೆ ಜಾಗವಿಲ್ಲ. ಯಾವ ವ್ಯಕ್ತಿಯ ಹೆಸರು ಹಿಡಿದೂ ಧಿಕ್ಕಾರ ಕೂಗಬಾರದು. ಹೋಟೆಲಿನವರ ಮನೆಯ ಮುಂದೆ ಹಾಯುವಾಗ ಡೊಳ್ಳು ನಿಲ್ಲಲಿ; ಅವರೂ ನಾಳೆ ನಮ್ಮ ಜೊತೆ ಬಾಳಬೇಕಾದವರೇ. ಯಾರಾದರೂ ಬೈದರೆ ತಲೆ ಬಾಗಿಸಿ ಮುಂದೆ ಹೋಗಿ. ಕಲ್ಲು ಬಿದ್ದರೆ ಇದ್ದಲ್ಲಿಯೇ ಕುಳಿತುಬಿಡಿ, ಓಡಬೇಡಿ, ತಿರುಗಿ ಎಸೆಯಬೇಡಿ. ಹಾಗೆ ಕೂರಲು ಆಗುವುದಿಲ್ಲ ಎನ್ನುವವರು ಮನೆಯಲ್ಲೇ ಉಳಿದು ಅಂದು ಕೇರಿಯವರ ದನಗಳಿಗೆ ಮೇವು ಹಾಕಲಿ, ಅದೂ ಪಾದಯಾತ್ರೆಯೇ.

ವಯಸ್ಸಾದವರು ಮುಂದೆ ಇರಲಿ, ಅವರ ಕಾಲಿನ ವೇಗವೇ ಎಲ್ಲರ ವೇಗವಾಗಲಿ. ಚಿತ್ರಾನ್ನದ ಪೊಟ್ಟಣಗಳನ್ನು ಕಟ್ಟುವ ಕೈಗಳಲ್ಲಿ ಕೇರಿಯ ತಾಯಂದಿರ ಕೈಗಳೂ ಇರಲಿ. ಯಾರ ಭಾವಚಿತ್ರದ ಫ್ಲೆಕ್ಸೂ ಬೇಡ, ನಮ್ಮದಂತೂ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮುನ್ನ ಪ್ರತಿಯೊಬ್ಬರೂ ಬಲಕ್ಕೆ, ಎಡಕ್ಕೆ ನೋಡಿಕೊಳ್ಳಲಿ. ಎರಡೂ ಕಡೆ ತಮ್ಮ ಬಂಧುಬಳಗದವರೇ ಇದ್ದರೆ ಜಾಗ ಬದಲಿಸಿಕೊಳ್ಳಲಿ.

ಸೋಮವಾರಕ್ಕೆ ಇನ್ನು ನಾಲ್ಕು ದಿನಗಳಿವೆ, ಎಂಟು ಜನ ಹೋಗುವುದು ಬಾಕಿ ಇದೆ. ಮಠದಿಂದ ಕೇರಿಗೆ ದೂರ ಅರ್ಧ ಮೈಲಿಗಿಂತ ಕಡಿಮೆ. 14 ಕಿಲೋಮೀಟರು ನಡೆಯಲು ಸಿದ್ಧರಾದ ಕಾಲುಗಳಿಗೆ ಅದು ಭಾರವಾಗಬಾರದು. ಹೋಟೆಲಿನ ನಮ್ಮ ಭಕ್ತರು ಈ ಅಂಕಣವನ್ನು ತಪ್ಪದೆ ಓದುವವರು. ಅವರಿಗೂ ಇದೇ ಬಿನ್ನಹ. ಅವರ ಮೇಲೆ ನಮಗೆ ಕೋಪವಿಲ್ಲ. ಮಂಗಳವಾರ ಬೆಳಿಗ್ಗೆ ಆ ಯುವಕನನ್ನು ಜೊತೆಗೆ ಕರೆದುಕೊಂಡು ನಾವೇ ಅವರ ಹೋಟೆಲಿಗೆ ಬರುತ್ತೇವೆ. ಅವನಿಗೆ ಯಾವ ಲೋಟದಲ್ಲಿ ಚಹಾ ಕೊಡುತ್ತಾರೋ ಅಂಥದೇ ಲೋಟದಲ್ಲಿ ನಮಗೂ ಕೊಡಲಿ.